ನೀಲಯ್ಯನ ಎರಡು ಹುಟ್ಟು

ನಮ್ಮ ಸೋದರಮಾವನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಇಡೀ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಇಂಗ್ಲಿಷ್ ಪುಸ್ತಕವನ್ನು ಅವನಷ್ಟು ಆಳವಾಗಿ ಓದಿದವರು ಇನ್ನೊಬ್ಬರಿರಲಿಲ್ಲ ಎಂದು ನಾನು ಇವತ್ತಿಗೂ ಪಂಥ ಕಟ್ಟಬಲ್ಲೆ. ಅಕ್ಷರ ಬಂದವರು ಪುಟ ಮಗುಚಿ ಮುಂದೆ ಹೋಗಿಬಿಡುತ್ತಾರೆ. ಮಾವ ಒಂದೊಂದು ಪುಟದ ಮುಂದೆ ಎರಡೆರಡು ಸಲ ಎಲೆಅಡಿಕೆ ಹಾಕಿ ಮುಗಿಯುವವರೆಗೂ ಕೂರುತ್ತಿದ್ದ.

ಇದು ಐವತ್ತರ ದಶಕದ ಮಾತು. ಮಾವ ಗಾಡಿಯಲ್ಲಿ ಮೆಣಸಿನಕಾಯಿ ಹೇರಿಕೊಂಡು ತಾಲ್ಲೂಕಿನ ಅಂಚಿನ ಕೊಪ್ಪದ ಸಂತೆಗೆ ಹೋಗುತ್ತಿದ್ದ. ಕೊಡಗಿನ ತೋಟದ ಬಂಗಲೆಗಳ ಹಳೇ ಕಾಗದವೆಲ್ಲ ಬಂದು ಬೀಳುತ್ತಿದ್ದದ್ದು ಅಲ್ಲಿನ ಅಂಗಡಿಗಳಿಗೆ. ಒಂದು ಸಂತೆಯ ದಿನ ಅಂಗಡಿಯವನು ಬೆಲ್ಲ ಕಟ್ಟಿಕೊಡಲು ಬಣ್ಣದ ಚಿತ್ರಪುಸ್ತಕವೊಂದರ ಹಾಳೆಗೆ ಕೈಹಾಕಿದಾಗ ಮಾವ ಅವನ ಮಣಿಕಟ್ಟು ಹಿಡಿದನಂತೆ.

"ಅರೀಬ್ಯಾಡಿ ಕಣ್ರೀ, ಅವನಿನ್ನೂ ಗಾಳೀಲವ್ನೆ."

ಚಿತ್ರದಲ್ಲಿ ನೀಲಿ ಮುಸುಕು ಹಾಕಿದ ಆಳೊಬ್ಬ ಒಂದು ಉಪ್ಪರಿಗೆಯಿಂದ ಇನ್ನೊಂದಕ್ಕೆ ಹಾರುತ್ತಿದ್ದ. ಅವನು ಮುಟ್ಟಿದನೋ ಬಿದ್ದನೋ ತಿಳಿಯದೆ ಮಾವ ಸಂತೆ ಬಿಡುವಂತಿರಲಿಲ್ಲ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆಲ್ಲವನ್ನು ಬರಿಗೈಯಲ್ಲಿ ಹಿಡಿದು ಊರಿಗೆ ಬಂದ. ಅಷ್ಟು ಹೊತ್ತಿಗೆ ಅರ್ಧ ಬೆಲ್ಲ ಅಂಗೈಗೂ ಉಳಿದದ್ದು ಮೂಗುದಾರದ ಹಗ್ಗಕ್ಕೂ ಮೆತ್ತಿತ್ತು. ನಮ್ಮ ಎತ್ತುಗಳು ಎರಡು ದಿನ ಆ ಹಗ್ಗವನ್ನು ಬಿಟ್ಟು ಹುಲ್ಲಿಗೆ ಬಾಯಿ ಹಾಕಲಿಲ್ಲ.

ಆಮೇಲೆ ಆ ನೀಲಿ ಮುಸುಕಿನವನ ಪುಸ್ತಕ ಯಾವುದು ಬಂದರೂ ಅಂಗಡಿಯವನು ಮಾವನಿಗೆಂದು ಎತ್ತಿಡತೊಡಗಿದ. ಎತ್ತಿಡುವಷ್ಟರಲ್ಲಿ ಮೊದಲಿನ ನಾಲ್ಕೈದು ಹಾಳೆ ಜೀರಿಗೆ ಸಾಸಿವೆಯ ಪೊಟ್ಟಣವಾಗಿ ಯಾರದೋ ಮನೆ ಸೇರಿರುತ್ತಿದ್ದವು. ಹೀಗಾಗಿ ಆ ಶೂರ ಎಲ್ಲಿ ಹುಟ್ಟಿದ, ಅವನಿಗೆ ಹಾರುವ ಶಕ್ತಿ ಯಾರು ಕೊಟ್ಟರು, ಒಂದೂ ತಿಳಿಯುವಂತಿರಲಿಲ್ಲ. ಇದು ಸಣ್ಣ ತೊಂದರೆಯೇ? ನಮ್ಮ ಕಡೆ ಹೊಸಬರೊಬ್ಬರು ಬಸ್ಸಿಳಿದರೆ ನೀರು ಕೊಡುವುದಕ್ಕೂ ಮುಂಚೆ ಯಾವ ಊರು, ಯಾರ ಮಗ, ಮನೆದೇವರು ಯಾವುದು ಎಂದು ಕೇಳುತ್ತೇವೆ. ಮೂರಕ್ಕೂ ಉತ್ತರವಿಲ್ಲದವನನ್ನು ಮಾವ ಮನೆಯೊಳಗೆ ಇಟ್ಟುಕೊಳ್ಳುವುದಾದರೂ ಹೇಗೆ?

ಆದ್ದರಿಂದ ತಾನೇ ಹುಟ್ಟು ಕಟ್ಟಿದ. ನೀಲಯ್ಯ ಎಂದು ಹೆಸರಿಟ್ಟ. ಮನೆದೇವರು ನಂಜುಂಡೇಶ್ವರ ಎಂದು ಗೊತ್ತುಮಾಡಿದ. ದೇವರೇ ವಿಷ ಕುಡಿದು ಕತ್ತು ನೀಲಿ ಮಾಡಿಕೊಂಡಿರುವಾಗ ಒಕ್ಕಲಿನವನ ಮುಸುಕು ನೀಲಿಯಿದ್ದರೆ ತಪ್ಪೇನು ಎಂಬುದು ಅವನ ವಾದ. ಸಂಜೆ ಜಗಲಿಯ ಮೇಲೆ ಪುಸ್ತಕ ಬಿಡಿಸಿದರೆ ಮೊದಲು ಹುಟ್ಟಿನ ಕಥೆ ಆಗಲೇಬೇಕು. ಅದೂ ದಿನಕ್ಕೊಂದು ಬಗೆ. ಒಂದು ದಿನ ನೀಲಯ್ಯ ಅಂತರಸಂತೆಯ ಕಾಡಂಚಿನಲ್ಲಿ ಆನೆಯ ಹಾಲು ಕುಡಿದು ಬೆಳೆದ. ಇನ್ನೊಂದು ದಿನ ಹೊಳೆಯ ಸುಳಿಗೆ ಬಿದ್ದು ಏಳು ದಿನದ ಮೇಲೆ ನೀಲಿಯಾಗಿ ಎದ್ದುಬಂದ.

"ಅಲ್ಲ ಕಣ್ಲಾ, ಅವನಿಗೆ ಮದ್ವೆ ಆಗದಾ?" ಎಂದು ಎದುರುಮನೆಯ ಚನ್ನಪ್ಪ ಕೇಳಿದ.

"ಅಂಗೆ ಮೈಗಂಟ್ಕೊಂಡಿರೋ ಬಟ್ಟೆ ಆಕ್ಕೊಂಡೋನಿಗೆ ಯಾರ್ಲಾ ಎಣ್ಣು ಕೊಡ್ತಾರೆ?" ಎಂದ ಮಾವ. ಹಾಗೆ ಹೇಳಿದವನಿಗೂ ಮದುವೆಯಾಗಿರಲಿಲ್ಲ. ಅವನ ಪಂಚೆ ಮಾತ್ರ ಸಾಕಷ್ಟು ಸಡಿಲವಾಗಿಯೇ ಇರುತ್ತಿತ್ತು.

ನಾನು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದೆ. "ನೀಲಯ್ಯನ ಅವ್ವ ಯಾರು ಮಾವ?" ಆನೆ, ಹೊಳೆ, ಗುಡ್ಡ ಎಲ್ಲವನ್ನೂ ಕಥೆಗೆ ತರುತ್ತಿದ್ದ ಮಾವ ಆ ಪ್ರಶ್ನೆ ಬಂದೊಡನೆ ಪುಸ್ತಕ ಮುಚ್ಚಿ ಎತ್ತಿಗೆ ನೀರು ತೋರಿಸಲು ಎದ್ದುಹೋಗುತ್ತಿದ್ದ.

ಕಾರಣ ಇತ್ತು. ನನ್ನ ತಾಯಿ ಮಾವನ ಒಬ್ಬಳೇ ತಂಗಿ. ಮನೆಯವರು ಒಪ್ಪದವನ ಜೊತೆ ಹೆಗ್ಗಡದೇವನಕೋಟೆಯ ಕಡೆಗೆ ಹೋಗಿಬಿಟ್ಟಿದ್ದಳಂತೆ. ನಾನು ಹುಟ್ಟುವ ಮೊದಲೇ ನನ್ನ ತಂದೆ ಕಾಡಿನ ಜ್ವರಕ್ಕೆ ಹೋದರು, ನಾನು ಹುಟ್ಟಿದ ಹತ್ತನೇ ದಿನಕ್ಕೆ ಅವಳೂ ಹೋದಳು. ಮಾವ ಗಾಡಿ ಕಟ್ಟಿಕೊಂಡು ಹೋಗಿ ನನ್ನನ್ನು ತಂದ. ಅಜ್ಜಿ ನನ್ನನ್ನು ಮಡಿಲಿಗೆ ಹಾಕಿಕೊಂಡು ಸಾಕಿದಳು, ಆದರೆ ಮಗಳ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಕೂಡದೆಂದು ಆಣೆಯಿಟ್ಟಳು. ಎಂದಾದರೂ ಮಾತು ಬಂದರೆ 'ಅವಳು' ಅಷ್ಟೇ. ಹತ್ತು ವರ್ಷದವನಾದರೂ ನನಗೆ ನನ್ನ ತಾಯಿಯ ಹೆಸರು ಗೊತ್ತಿರಲಿಲ್ಲ.

ಅದರ ಉರಿ ತಗಲುತ್ತಿದ್ದದ್ದು ಹೆಳವ ಬಂದಾಗ. ಎರಡು ಮೂರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು, ಮನೆಮನೆಯ ಮುಂದೆ ಆ ಮನೆಯ ವಂಶವನ್ನು ಮೂಲಪುರುಷನಿಂದ ಹಿಡಿದು ಕೂಸಿನವರೆಗೆ ಹೇಳುವವನು ಅವನು. ಗಂಡುಮಕ್ಕಳ ಹೆಸರು ಮಾತ್ರ ಹೇಳುವುದು ಪದ್ಧತಿ. ಬೀದಿಯ ಹುಡುಗರೆಲ್ಲ ತಮ್ಮ ಹೆಸರು ಬಂದಾಗ ಎದೆ ಸೆಟೆಸುತ್ತಿದ್ದರು. ನಮ್ಮ ಮನೆಯ ವಂಶ ಮಾವನ ಹೆಸರಿಗೆ ಬಂದು ನಿಂತುಬಿಡುತ್ತಿತ್ತು. ನಾನು ಕಂಬಕ್ಕೆ ಒರಗಿಕೊಂಡು, ಇನ್ನೇನಾದರೂ ಹೇಳುತ್ತಾನೇನೋ ಎಂದು ಅವನ ಬಾಯನ್ನೇ ನೋಡುತ್ತಿದ್ದೆ. ಅವನು ಹೇಳುತ್ತಿರಲಿಲ್ಲ.

ಹೀಗಿರುವಾಗ ಕೊಪ್ಪದಿಂದ ಹಾಳೆ ಹರಿಯದ ಇಡೀ ಪುಸ್ತಕವೊಂದು ಬಂತು. ಅದರಲ್ಲಿ ನೀಲಯ್ಯನ ನಿಜವಾದ ಹುಟ್ಟು ಇತ್ತು: ಸಮುದ್ರದ ದಡದಲ್ಲಿ ಬಿದ್ದಿದ್ದ ಕೂಸನ್ನು ಒಬ್ಬ ಮುದುಕ ಎತ್ತಿಕೊಳ್ಳುತ್ತಿದ್ದ. ಮಾವ ಬೀದಿಗೆಲ್ಲ ಪುರಿ ಬೆಲ್ಲ ಹಂಚಿದ. ವರ್ಷ ಕಳೆದು ಇನ್ನೊಂದು ಇಡೀ ಪುಸ್ತಕ ಬಂತು. ಅದರಲ್ಲಿ ಸಮುದ್ರವೂ ಇಲ್ಲ, ಮುದುಕನೂ ಇಲ್ಲ. ಹೊತ್ತಿ ಉರಿಯುವ ಮನೆಯ ಕಿಟಕಿಯಿಂದ ಒಬ್ಬ ಹೆಂಗಸು ಅದೇ ಕೂಸನ್ನು ಕೆಳಗಿದ್ದವರ ಕೈಗೆ ಹಾಕುತ್ತಿದ್ದಳು. ಒಬ್ಬನಿಗೆ ಎರಡು ಹುಟ್ಟೇ? ಪುರಿ ತಿಂದವರಿಗೆ ಏನು ಹೇಳುವುದು? ಮಾವ ಊಟ ಬಿಟ್ಟ. ಮರುದಿನ ಎರಡೂ ಪುಸ್ತಕಗಳನ್ನು ಟವೆಲಿನಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಪಿರಿಯಾಪಟ್ಟಣದ ಇಂಗ್ಲಿಷ್ ಮೇಷ್ಟರ ಮನೆಗೆ ಹೋದ.

ಮೇಷ್ಟರು ಕನ್ನಡಕ ಏರಿಸಿ ಎರಡನ್ನೂ ಓದಿದರು. "ಇದು ಬಹಳ ವರ್ಷದಿಂದ ನಡ್ಕೊಂಡು ಬರ್ತಿರೋ ಕಥೆ ಗೌಡ್ರೆ. ಬರೆಯೋರು ಬದಲಾಗ್ತಾರೆ. ಹೊಸಬರು ಬಂದಾಗ ಹುಟ್ಟನ್ನ ಇನ್ನೊಂದು ಸಲ ಹೇಳ್ತಾರೆ."

"ಅಂಗೆ ತಿದ್ದಿ ಯೋಳ್ಬೋದಾ ಮೇಷ್ಟ್ರೆ?"

"ಮೊದಲು ಬಿಟ್ಟುಹೋದದ್ದನ್ನ ಸೇರಿಸ್ಕೋತಾರೆ. ನೋಡಿ, ತಾಯೀನ ಬಿಟ್ಟಿದ್ರು, ಈಗ ತಂದಿದಾರೆ."

ವಾಪಸ್ಸು ಬರುವಾಗ ಗಾಡಿಯಲ್ಲಿ ಮಾವ ಒಂದು ಸಲ ನನ್ನ ತಲೆಯ ಮೇಲೆ ಕೈಯಿಟ್ಟ.

ಆ ವರ್ಷ ಸುಗ್ಗಿಯಾದ ಮೇಲೆ ಹೆಳವ ಬಂದ. ಅವನು ಗಂಟೆ ಎತ್ತುವ ಮೊದಲೇ ಮಾವ ಎರಡೂ ಪುಸ್ತಕಗಳನ್ನು ಅವನ ಮುಂದೆ ಹಿಡಿದು, ವಿಷಯವನ್ನೆಲ್ಲ ವಿವರಿಸಿದ. ಹೆಳವ ತನ್ನ ಕಸುಬಿನವರ ಕೆಲಸವನ್ನು ಪರೀಕ್ಷಿಸುವ ಗಾಂಭೀರ್ಯದಿಂದ ಪುಟ ತಿರುವಿದ.

"ಇವನ ತಾತನ ಎಸ್ರು ಎಲ್ಲದೆ ಬುದ್ಧಿ?"

"ಇಲ್ಲ."

"ಮುತ್ತಾತ?"

"ಅದೂ ಇಲ್ಲ."

"ತಾತನ್ನೇ ಬುಟ್ಟು ಸುರು ಮಾಡವ್ರೆ. ಕಸುಬು ತಿಳೀದೋರು," ಎಂದು ಪುಸ್ತಕ ಹಿಂದಕ್ಕೆ ಕೊಟ್ಟ.

"ತಿಳೀದೋರೇ ಬುಟ್ಟೋದ ತಾಯೀನ ತಿರ್ಗ ಸೇರಿಸವ್ರೆ ಕಣಪ್ಪ. ತಿಳಿದೋನು ನೀನು ಸೇರಿಸಕ್ಕಿಲ್ವಾ?" ಮಾವ ನನ್ನ ಭುಜ ಹಿಡಿದು ಮುಂದೆ ನಿಲ್ಲಿಸಿದ. "ಈ ಮಗ ನಮ್ಮನೇಲಿ ಅವ್ನೆ. ನಿನ್ ಬಾಯಲ್ಲಿ ಇಲ್ಲ."

ಹೆಳವ ನನ್ನನ್ನು ನೋಡಿದ. "ಅದಕ್ಕೇನು ಬುದ್ಧಿ, ನಿಮ್ ಮಗ ಅಂದ್ಬುಡ್ತೀನಿ. ನಿಮ್ಗೂ ಒಬ್ಬ ಮಗ ಆದಂಗಾಯ್ತು."

ನನಗೆ ಅಷ್ಟೇ ಸಾಕಾಗಿತ್ತು. ಮಾವನಿಗೂ ಅದಕ್ಕಿಂತ ದೊಡ್ಡ ಆಸೆ ಬೇರೆ ಇರಲಿಲ್ಲವೆಂದು ನನಗೆ ಈಗ ಗೊತ್ತು.

"ಬ್ಯಾಡ," ಎಂದ ಮಾವ. "ನಾನು ಸಾಕ್ದೋನು. ಹೆತ್ತೋಳು ಒಬ್ಳು ಇದ್ಲು. ಅವಳ್ನ ಯೋಳು."

"ಹೆಣ್ಣೆಸ್ರು ಯೋಳೋ ಪದ್ಧತಿ ಇಲ್ವಲ್ಲ ಬುದ್ಧಿ."

"ಇವತ್ತು ಯೋಳು."

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಮಾವ ಅವಳ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಬಾಯಿ ಬರುತ್ತಿರಲಿಲ್ಲವೇನೋ. "ನಂಜಮ್ಮಣ್ಣಿ," ಎಂದ. "ನನ್ ತಂಗಿ ಎಸ್ರು ನಂಜಮ್ಮಣ್ಣಿ."

ಹೆಳವ ಗಂಟೆ ಎತ್ತಿಕೊಂಡ. ಮೂಲಪುರುಷನಿಂದ ಇಳಿಯುತ್ತಾ ಬಂದು, ಮಾವನ ಹೆಸರು ಹೇಳಿ, ಈ ಸಲ ಅಲ್ಲಿ ನಿಲ್ಲಲಿಲ್ಲ. "ಆತನ ಒಡಹುಟ್ಟಿದೋಳು ನಂಜಮ್ಮಣ್ಣಿ, ನಂಜಮ್ಮಣ್ಣಿ ಮಗ" ಎಂದು ನನ್ನ ಹೆಸರು ಹೇಳಿದ. ನಾನು ಎದೆ ಸೆಟೆಸಲಿಲ್ಲ. ನನಗೆ ಅಳು ಬಂತು.

ಮಾವ ಅಜ್ಜಿಯ ಬೈಗುಳಕ್ಕೆ ತಲೆ ತಗ್ಗಿಸಿ ಕಾಯುತ್ತಿದ್ದ. ಅಜ್ಜಿ ಬಾಗಿಲು ದಾಟಿ, ಜಗಲಿಯ ಅಂಚಿಗೆ ಬಂದಳು.

"ಇನ್ನೊಂದ್ ಕಿತ ಯೋಳಪ್ಪ," ಎಂದಳು ಹೆಳವನಿಗೆ. "ಮೊದ್ಲಿಂದ ಯೋಳು."

ಅವನು ಮೂಲಪುರುಷನಿಂದ ಮತ್ತೆ ಶುರುಮಾಡಿದ. ಮಗಳ ಹೆಸರು ಬರುವವರೆಗೂ ಅಜ್ಜಿ ಕೂರಲಿಲ್ಲ.