ಹರಕೆ ಅವಳದು, ನಾಲಗೆ ನನ್ನದು

ನಮ್ಮ ಮಂಡ್ಯ ಕಡೆ ದೇವರಿಗೆ ಮಾತು ಕೊಡೋರು ಒಬ್ಬರು, ಅದನ್ನ ತೀರಿಸೋರು ಇನ್ನೊಬ್ಬರು. ಹಿಂಗೆ ಎಲ್ಲೂ ಬರೆದಿಟ್ಟಿಲ್ಲ, ಆದರೂ ಬರೆದಿಟ್ಟ ಕಾನೂನಿಗಿಂತ ಚೆನ್ನಾಗಿ ನಡ್ಕೊಂಡು ಬರ್ತಾ ಇದೆ. ನಮ್ಮ ಮನೇಲಂತೂ ತಪ್ಪಿದ್ದೇ ಇಲ್ಲ. ಈಗ ಹೇಳೋದು ನನ್ನ ಬಾಮೈದನ ಮದುವೆಗೋಸ್ಕರ ನನ್ನ ಊಟದ ಎಲೆ ಮೇಲೆ ನಡೆದ ಅನಾಹುತಗಳು.

ದೇವರಿಗೆ ಕಾಣೋ ಹಂಗೆ

ನಾನು ಮದ್ದೂರು ತಾಲೂಕಿನ ಒಂದು ಹಳ್ಳೀಲಿ ಪಶು ಆಸ್ಪತ್ರೆ ಇನ್ಸ್‌ಪೆಕ್ಟ್ರು. ಡಾಕ್ಟ್ರಲ್ಲ, ಆದರೆ ಹಸು ಹಿಡ್ಕೊಂಡು ಬಂದೋರಿಗೆ ಆ ವ್ಯತ್ಯಾಸ ಬೇಕಾಗಿಲ್ಲ, ಎಲ್ಲರೂ ಡಾಕ್ಟ್ರೇ ಅಂತಾರೆ. ಮನೆ ಮಂಡ್ಯದ ಗುತ್ತಲಲ್ಲಿ. ಒಂದು ಸೋಮವಾರ ಸಾಯಂಕಾಲ ಮನೆಗೆ ಬಂದರೆ ಹೆಂಡ್ತಿ ಚಿಕ್ಕರಸಿನಕೆರೆ ದೇವಸ್ಥಾನಕ್ಕೆ ಹೋಗಿಬಂದು, ಹಣೆ ತುಂಬ ಕುಂಕುಮ ಇಟ್ಕೊಂಡು ಕೂತಿದ್ಲು. ಮುಖದಲ್ಲಿ ಏನೋ ದೊಡ್ಡ ವ್ಯವಹಾರ ಕುದುರಿಸಿದ ಕಳೆ.

“ನನ್ ತಮ್ಮನ ಮದ್ವೆ ಆಗೋವರ್ಗೂ ಬಾಡು ಮುಟ್ಟಾಕಿಲ್ಲ ಅಂತ ಹರಸ್ಕಬಂದೆ ಕಣ್ರೀ.”

ಬಾಡು ಅಂದ್ರೆ ನಮ್ಮ ಕಡೆ ಮಾಂಸ. ಅವಳ ತಮ್ಮ ಮಳವಳ್ಳಿ ಕಡೆ ಕಬ್ಬು, ರೇಷ್ಮೆ ಅಂತ ಬೇಸಾಯ ಮಾಡ್ಕೊಂಡಿರೋನು. ವಯಸ್ಸು ಮೂವತ್ತೈದರ ಹತ್ರ. ಬೇಸಾಯದ ಹುಡುಗನಿಗೆ ಹೆಣ್ಣು ಸಿಗೋದು ಈಗ ಎಷ್ಟು ಕಷ್ಟ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹೋಗ್ಲಿ ಪಾಪ, ಅಕ್ಕ ಅಂದ್ರೆ ಇವಳು ಅನ್ಕೊಂಡು, “ಒಳ್ಳೇದಾಯ್ತು, ಬಿಟ್ಬಿಡು. ನಿಂಗೂ ಮೈ ಹಗುರಾಗ್ತದೆ” ಅಂದೆ.

“ನಾನಲ್ಲ. ನೀವು.”

“ಹರಸ್ಕೊಂಡೋಳು ನೀನು, ಬಿಡೋನು ನಾನಾ?”

“ನಾನ್ ತಿನ್ನೋದೇ ಎಲ್ಡು ತುಂಡು. ಅದುನ್ ಬುಟ್ರೆ ದ್ಯಾವ್ರಿಗೆ ಗೊತ್ತಾದದಾ? ನೀವು ಬುಟ್ರೆ ಎಂಥಾ ದ್ಯಾವ್ರಾದ್ರೂ ಒಂದ್ಸಲ ತಿರುಗಿ ನೋಡ್ತನೆ.”

ಮದುವೆಯಾದ ಮೇಲೆ ಅವಳು ನನ್ನ ಬಗ್ಗೆ ಇಷ್ಟು ಮೆಚ್ಚಿ ಮಾತಾಡಿದ್ದು ಅದೇ ಮೊದಲು. ಆದರೂ, “ಮದ್ವೆ ಅವನದು. ಅವನಿಂದಲೇ ಬಿಡಿಸಬೋದಿತ್ತಲ್ಲ?” ಅಂದೆ.

“ಹೆಣ್ ನೋಡಕ್ಕೆ ಓಗೋ ಗಂಡು. ಬಾಡ್ ಬುಟ್ಟು ಸೊರಗ್ ಓದ್ರೆ ಯಾರ್ರೀ ಹೆಣ್ ಕೊಟ್ಟಾರು?”

ಆ ಭಾನುವಾರವೇ ಬಾಮೈದ ಬಂದ. ಸೊರಗಬಾರದು ಅಂತ ಅವನಿಗೆ ನಾಟಿ ಕೋಳಿ ಸಾರು, ನನಗೆ ಸೊಪ್ಪಿನ ಸಾರು. ಅವನು ಕೋಳಿ ಕಾಲು ಸೀಪುತ್ತಾ ಕಣ್ಣಲ್ಲಿ ನೀರು ತುಂಬ್ಕೊಂಡ. “ಭಾವ, ನಂಗೋಸ್ಕರ ನೀವು ಇಷ್ಟೆಲ್ಲ ಮಾಡ್ತಿರೋದ್ ನೋಡುದ್ರೆ ಗಂಟ್ಲಲ್ಲಿ ಊಟ ಇಳೀತಿಲ್ಲ,” ಅಂದ.

ಹಂಗಂದು ಇನ್ನೊಂದು ಸೌಟು ಬಿಡಿಸಿಕೊಂಡ.

ತಾತನ ಬೀಡಿ

ಇದೇನು ನಮ್ಮ ಮನೆಗೆ ಹೊಸದಲ್ಲ. ನಾನು ಎಸ್ಸೆಲ್ಸಿ ಲೆಕ್ಕದಲ್ಲಿ ಫೇಲಾದಾಗ ನಮ್ಮಜ್ಜಿ, “ಮೊಮ್ಮಗ ಪಾಸಾಗೋವರ್ಗೂ ನಮ್ ಯಜಮಾನ್ರು ಬೀಡಿ ಮುಟ್ಟಾಕಿಲ್ಲ” ಅಂತ ಮನೆದೇವರ ಮುಂದೆ ಹೇಳಿಬಿಟ್ಟಿದ್ಲು. ತಾತ ಅವತ್ತು ಗದ್ದೇಲಿದ್ದ. ಸಾಯಂಕಾಲ ಬಂದು, ಜಗಲಿ ಮೇಲೆ ಕೂತು, ಕಿವಿ ಸಂದೀಲಿದ್ದ ಬೀಡಿಗೆ ಕೈ ಹಾಕಿದಾಗಲೇ ಅವನಿಗೆ ವಿಷಯ ಗೊತ್ತಾದದ್ದು.

ತಾತನಿಗೆ ಓದು ಬರಹ ಬರ್ತಿರ್ಲಿಲ್ಲ. ಆದರೂ ಮಾರನೇ ದಿನದಿಂದ ನನ್ನ ಲೆಕ್ಕದ ಮೇಷ್ಟ್ರು ಅವನೇ. ಎತ್ತು ಹೊಡೆಯೋ ಬಾರುಕೋಲು ತೊಡೆ ಮೇಲೆ ಇಟ್ಕೊಂಡು ಎದುರಿಗೆ ಕೂರೋನು.

“ಏನ್ಲಾ ಮಾಡ್ತಾ ಇದ್ದೀಯೆ?”

“ಎಕ್ಸ್ ಎಷ್ಟು ಅಂತ ಕಂಡುಹಿಡೀಬೇಕು ತಾತ.”

“ನೆನ್ನೇನೂ ಅದುನ್ನೇ ಉಡುಕ್ತಿದ್ದಲ್ಲಾ! ಇನ್ನೂ ಸಿಕ್ಕಿಲ್ವಾ? ಕಳೆದಾಕಿರೋರು ಮೇಷ್ಟ್ರು, ಅವರೇ ಉಡಿಕ್ಕಳ್ಲಿ. ನೀನ್ ಪಾಸಾಗು.”

ಸಪ್ಲಿಮೆಂಟರಿ ರಿಸಲ್ಟ್ ಬರೋ ದಿನ ನನಗಿಂತ ಮುಂಚೆ ತಾತ ಸ್ಕೂಲ್ ಬಾಗಿಲಲ್ಲಿದ್ದ. ಹೆಡ್‌ಮಾಸ್ಟರು ನೋಟೀಸ್ ಬೋರ್ಡ್ ಹತ್ರ ನಿಂತು, “ಏನ್ ಯಜಮಾನ್ರೇ, ಮೊಮ್ಮಗನ ರಿಸಲ್ಟ್ ನೋಡೋಕೆ ಬಂದ್ರಾ?” ಅಂದ್ರು. ತಾತ ಪಾಸೋ ಫೇಲೋ ಅಂತ ಕೇಳಲೇ ಇಲ್ಲ. ಪಂಚೆ ಮಡಿಲಿಂದ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಕೈಲಿ ಹಿಡ್ಕೊಂಡು ಕೇಳಿದ:

“ಅಚ್ಕಬೋದಾ ಸಾ?”

ಪಂಕ್ತಿ ಪಂಚಾಯ್ತಿ

ಹರಕೆ ಶುರುವಾದ ಮೇಲೆ ಬಂದ ಮೊದಲ ಕಷ್ಟ ಸೋಮನಹಳ್ಳಿ ಹತ್ರದ ಒಂದು ಬಾಡೂಟ. ಹಿಂದೆ ಒಂದ್ಸಲ ಆ ಮನೆಯ ಹಸುವಿಗೆ ಹೆರಿಗೆ ಕಷ್ಟವಾದಾಗ ಹೋಗಿ ಕರು ಈಚೆಗೆ ತೆಗೆದಿದ್ದೆ. ಆ ಋಣಕ್ಕೆ ಮೊಮ್ಮಗನ ಮುಡಿ ತೆಗೆಸಿದ ಊಟಕ್ಕೆ ಕರೆದಿದ್ರು. ನಮ್ಮ ಕಡೆ ಬಾಡೂಟಕ್ಕೆ ಹೋಗಿ ಬಾಡು ಬೇಡ ಅನ್ನೋದೂ ಒಂದೇ, ಮನೆ ಯಜಮಾನನ ಕೆನ್ನೆಗೆ ಬಾರಿಸೋದೂ ಒಂದೇ. ಬಾರಿಸಿದ್ದನ್ನಾದ್ರೂ ಜನ ಮರೀತಾರೆ.

“ಯಾಕ್ ಡಾಕ್ಟ್ರೇ, ನಮ್ಮನೆ ಬಾಡು ಸೇರಾಕಿಲ್ವಾ?” ಅಂತ ಯಜಮಾನ ಎಲೆ ಮುಂದೆ ಬಂದು ನಿಂತ.

“ಹರಕೆ ಕಣಪ್ಪ. ಬಾಮೈದನ ಮದ್ವೆ ಆಗ್ಬೇಕು.”

“ಅಷ್ಟೇನಾ! ಲೇ, ಡಾಕ್ಟ್ರಿಗೆ ತುಂಡ್ ಆಕ್‌ಬ್ಯಾಡ್ರಲಾ, ಬರೀ ರಸ ಬುಡ್ರಿ.”

ರಸ ಬಿಡಿಸ್ಕೋಬೋದಾ ಬಾರದಾ ಅಂತ ಪಂಕ್ತೀಲಿ ಪಂಚಾಯ್ತಿ ಶುರುವಾಯ್ತು. ನನ್ನ ಬಲಗಡೆ ಕೂತಿದ್ದ ಮುದುಕಪ್ಪ ನನ್ನ ಪರ. “ರಸ ಎಲ್ಲಾದ್ರೂ ಬಾಡಾದದಾ? ನೀರು, ಉಪ್ಪು, ಖಾರ, ಅಷ್ಟೇಯ.”

ಎದುರಿಗೆ ಕೂತಿದ್ದೋರು ಒಪ್ಪಲಿಲ್ಲ. “ಆ ನೀರಲ್ಲಿ ಕುರಿ ಈಜಾಡ್ಯದೆ ಕಣಯ್ಯಾ.”

“ಈಜಾಡುದ್ರೆ? ನಾನೂ ಸಿಂಸಾ ಒಳೇಲಿ ದಿನಾ ಈಜಾಡ್ತಿದ್ದೆ. ಒಳೆ ನೀರಿಗೆ ನನ್ ವಾಸ್ನೆ ಬಂದದಾ?”

“ಬಂದಿರ್ಬೋದು. ಅದುಕ್ಕೇ ಮೀನೆಲ್ಲ ಕಮ್ಮಿ ಆಗವೆ.”

ನನ್ನ ಮನಸ್ಸು ಮುದುಕಪ್ಪನ ಕಡೆ ವಾಲ್ತಿತ್ತು. ಧೈರ್ಯಕ್ಕೆ ಇರಲಿ ಅಂತ ಹೆಂಡ್ತಿಗೆ ಫೋನ್ ಮಾಡಿ ವಿಷಯ ಹೇಳಿದೆ.

“ಬುಡುಸ್ಕಳಿ, ನಾನ್ಯಾಕ್ ಬ್ಯಾಡ ಅನ್ಲಿ?” ಅಂದ್ಲು. “ನಾಳೆ ನನ್ ತಮ್ಮ ಒಬ್ಬಂಟಿಯಾಗೇ ಸತ್ರೆ ನೀವೇ ಓಗಿ ಕೊಳ್ಳಿ ಇಡೋರಂತೆ.”

ಫೋನ್ ಇಟ್ಟು ನೋಡಿದರೆ, ಹರಕೆಗೆ ಒಗ್ಗೋ ಪದಾರ್ಥ ಅಂತ ನನ್ನ ಎಲೆ ಮೇಲೆ ಉಳಿದದ್ದು ಉಪ್ಪು, ಬಾಳೆಹಣ್ಣು ಮತ್ತೆ ಹಿಟ್ಟು. ಹಿಟ್ಟು ಅಂದ್ರೆ ನಮ್ಮ ಕಡೆ ರಾಗಿ ಮುದ್ದೆ. ಎಲ್ಲರೂ ನೋಡ್ತಾ ಇದ್ದಾರೆ, ಏಳೋ ಹಂಗಿಲ್ಲ. ಬಿಸಿ ಹಿಟ್ಟು ಮುರಿದು ಬಾಳೆಹಣ್ಣಲ್ಲಿ ಅದ್ದಿ ಉಂಡೆ.

ಹಿಟ್ಟನ್ನ ಅಗೀಬಾರದು, ನುಂಗಬೇಕು ಅಂತ ಹಿರಿಯರು ಯಾಕೆ ಹೇಳಿದ್ರೋ ಅವತ್ತು ಅರ್ಥವಾಯ್ತು.

ಕುರಿಗೆ ಬಂದ ಕಾಯಿಲೆ

ನಾನು ಬಾಡು ತಿನ್ನಲಿಲ್ಲ ಅನ್ನೋ ಸುದ್ದಿ ನನ್ನ ಬೈಕಿಗಿಂತ ಮುಂಚೆ ಆಸ್ಪತ್ರೆ ಇರೋ ಊರಿಗೆ ಬಂದಿತ್ತು. ದಾರೀಲಿ ‘ಹರಕೆ’ ಅನ್ನೋದು ಎಲ್ಲೋ ಉದುರಿಹೋಗಿ, ‘ಪಶು ಆಸ್ಪತ್ರೆಯೋರೇ ಬಾಡು ಬುಟ್ಟವ್ರೆ’ ಅನ್ನೋದು ಮಾತ್ರ ಬಂದು ತಲುಪಿತ್ತು. ಕಾರಣಾನ ಜನ ತಾವೇ ಹಾಕ್ಕೊಂಡಿದ್ರು.

ಕುರಿ ಹಿಡ್ಕೊಂಡು ಬಂದ ಒಬ್ಬ ಹೆಂಗಸು ಮೆಲ್ಲಗೆ ಕೇಳಿದ್ಲು. “ಕುರಿಗೆಲ್ಲ ಅದೇನೋ ಕಾಯ್ಲೆ ಬಂದದಂತಲ್ಲ ಡಾಕ್ಟ್ರೇ, ತಿಂದ್ರೆ ಮನುಸ್ರಿಗೂ ಅತ್ತದಂತೆ?”

“ಏನೂ ಇಲ್ಲ ಕಣವ್ವ. ಎಲ್ಲಾ ಸುಳ್ಳು.”

“ನೀವು ಗೌರ್ಮೆಂಟೋರು. ಇಲ್ಲ ಅಂತ್ಲೇ ಏಳ್ಬೇಕು ಬುಡಿ,” ಅಂತ ನನ್ನ ಮೇಲೇ ಕನಿಕರ ತೋರಿಸಿದ್ಲು.

ಆ ಊರಿನ ಬಾಡಿನ ಅಂಗಡಿಯವನು ಒಂದು ಶನಿವಾರ ಆಸ್ಪತ್ರೆಗೇ ಬಂದ. ಮುಖ ಬಾಡಿಹೋಗಿತ್ತು. “ಸಾರ್, ಅಂಗ್ಡಿ ಮುಂದೆ ಈಗ ನಾಯಿನೂ ನಿಲ್ತಿಲ್ಲ. ಮನೇಲಿ ಹೆಂಡ್ರು ಮಕ್ಳು ಅವ್ರೆ. ನಾಳೆ ಬಂದು ಜನದ ಮುಂದೆ ಒಂದೇ ಒಂದು ತುಂಡು ತಿಂದ್‌ಬುಡಿ, ನಿಮ್ ಕಾಲಿಗ್ ಬೀಳ್ತೀನಿ.”

“ತಿನ್ನೋಕೆ ಆಗಲ್ಲ ಕಣಪ್ಪ.”

ಅವನು ಎರಡು ಹೆಜ್ಜೆ ಹಿಂದಕ್ಕೆ ಹೋದ. “ಅಂಗಾರೆ ಕಾಯ್ಲೆ ಇರೋದು ನಿಜನಾ ಸಾ? ನಾನು ನೆನ್ನೆ ಉಳ್ದಿದ್ದನ್ನೆಲ್ಲ ಮನೇಲೇ ತಿಂದ್‌ಬುಟ್ಟಿವ್ನಿ!”

ಅವನನ್ನ ಸಮಾಧಾನ ಮಾಡೋ ಹೊತ್ತಿಗೆ ಸಾಕುಸಾಕಾಯ್ತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದ್ವಿ. ನಾನು ತಿನ್ನೋದು ಬೇಡ, ಕೊಂಡುಕೊಂಡ್ರೆ ಸಾಕು. ಭಾನುವಾರ ಬೆಳಗ್ಗೆ ಒಳಗಿನದು ಕಾಣೋ ಹಂಗೆ ತೆಳು ಕವರಲ್ಲಿ ಬಾಡು ಹಿಡ್ಕೊಂಡು ಬೀದಿ ಉದ್ದಕ್ಕೂ ನಡೆದೆ. ಅವನು ಕತ್ತಿ ಕೈಲಿ ಹಿಡ್ಕೊಂಡೇ ಮುಂದೆ ಮುಂದೆ, “ಡಾಕ್ಟ್ರು ತಗಂಡ್ರು! ನೋಡ್ಕಳ್ರಪ್ಪಾ, ಡಾಕ್ಟ್ರೇ ತಗಂಡ್ರು!” ಅಂತ ಕೂಗ್ತಾ ಬಂದ. ಮಧ್ಯಾಹ್ನಕ್ಕೆ ಅವನ ಅಂಗಡೀಲಿ ಮೂಳೆ ಕೂಡ ಉಳಿದಿರಲಿಲ್ಲ.

ನನ್ನ ಕವರು ಗುತ್ತಲಿನ ಮನೆಗೆ ಬಂತು. ಅಲ್ಲಿ ಬಾಮೈದ ಆಗಲೇ ಬಂದು ಕೂತಿದ್ದ. ಉಂಡು, ಕೈ ತೊಳ್ಕೊಂಡು, ಮನಸಾರೆ ಹೇಳಿದ. “ಒಂದ್ ಮಾತು ಭಾವ. ನೀವು ತಿನ್ನೋದು ಬುಟ್ಟ ಮೇಲೆ ಬಾಡು ತರೋದು ಚೆನ್ನಾಗ್ ಕಲ್ತಿದ್ದೀರ.”

ಗಂಟು

ಆಮೇಲೆ ನಾನು ಸುಮ್ಮನಿರಲಿಲ್ಲ. ಅವನ ಮದುವೆ ಅವನ ಕೈಲಿ ಬಿಟ್ರೆ ನಾನು ಸೊಪ್ಪು ತಿಂದೇ ರಿಟೈರ್ ಆಗ್ತೀನಿ ಅಂತ ಖಾತ್ರಿಯಾಯ್ತು. “ಡಾಕ್ಟ್ರೇ, ಹಸ ಮೇವು ತಿಂತಿಲ್ಲ” ಅಂತ ಬಂದೋರಿಗೆಲ್ಲ ಮೊದಲು, “ಮನೇಲಿ ಮದ್ವೆಗೆ ಬಂದ ಹೆಣ್ಮಕ್ಳು ಅವ್ರಾ?” ಅಂತ ಕೇಳೋಕೆ ಶುರುಮಾಡಿದೆ. ಒಬ್ಬ ಹಸು ಹೊಡ್ಕೊಂಡು ಹಂಗೇ ವಾಪಸ್ ಹೋದ.

ಅಂತೂ ಮಳವಳ್ಳಿ ಪಕ್ಕದ ಒಂದು ಊರಲ್ಲಿ ಹೆಣ್ಣಿದೆ ಅಂತ ಗೊತ್ತಾಯ್ತು. ಬಿ.ಎಡ್. ಓದಿ, ಖಾಸಗಿ ಸ್ಕೂಲಲ್ಲಿ ಪಾಠ ಹೇಳ್ತಿದ್ದ ಹುಡುಗಿ. ಬಂದ ಗಂಡುಗಳನ್ನೆಲ್ಲ ಬೇಡ ಅಂತ ಕಳಿಸಿದವಳು. ನಾನು, ಹೆಂಡ್ತಿ, ಬಾಮೈದ ಹೋದ್ವಿ. ಉಪ್ಪಿಟ್ಟು ಬಂತು. ಹುಡುಗಿ ಅಪ್ಪ ಎದುರಿಗೆ ಕೂತ್ರು. ಆ ಮುಖದ ಕಳೆ ಎಲ್ಲೋ ನೋಡಿದಂಗಿತ್ತು. ಆಮೇಲೆ ಗೊತ್ತಾಯ್ತು, ದಿನಾ ಕನ್ನಡೀಲಿ ನೋಡ್ತಾ ಇದ್ದೆ.

“ಊಟ ಮಾಡ್ಕೊಂಡೇ ಓಗ್ಬೇಕು,” ಅಂದ್ರು ಅವರು. “ಸೊಪ್ಪಿನ ಸಾರೇ ಮತ್ತೆ, ಬೇಜಾರ್ ಮಾಡ್ಕೋಬ್ಯಾಡಿ. ನಾನು ಬಾಡು ಬುಟ್ಟಿವ್ನಿ. ಮಗಳು ಯಾರ್ನಾದ್ರೂ ಒಪ್ಕಳ್ಲಿ ಅಂತ ನಮ್ಮನೆಯೋಳು ಹರಸ್ಕಂಡವ್ಳೆ.”

“ಅವ್ರು ಬಿಟ್ಟಿದ್ದಾರಾ?”

“ಅವಳ್ಯಾಕ್ ಬುಟ್ಟಾಳು?”

ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತೆ. ಅವರು ನನ್ನ ಕೈ ಹಿಡ್ಕೊಂಡ್ರು. ನಮ್ಮಿಬ್ಬರ ಜಾತಕ ಅಷ್ಟು ಹೊತ್ತಿಗೇ ಕೂಡಿಬಂತು. ಹುಡುಗ ಹುಡುಗಿ ಇನ್ನೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಹುಡುಗಿ ಬಂದು ಕೂತು ಬಾಮೈದನನ್ನ ಒಂದೇ ಪ್ರಶ್ನೆ ಕೇಳಿದ್ಲು. “ನಿಮ್ಮನೇಲಿ ಹಿಟ್ಟು ತಿರುವೋರು ಯಾರು?”

“ನಾನೇಯ,” ಅಂದ ಅವನು. “ಅವ್ವಂಗೆ ತೋಳು ನೋವು.”

“ಎಲ್ರೂ ಹಿಂಗೇ ಹೇಳ್ತಾರೆ. ಬನ್ನಿ ಒಳಕ್ಕೆ.”

ಅಡುಗೆಮನೆಗೆ ಕರ್ಕೊಂಡು ಹೋಗಿ ಕೈಗೆ ಹಿಟ್ಟಿನ ಕೋಲು ಕೊಟ್ಟೇಬಿಟ್ಲು. ಹಿಟ್ಟು ತಿರುವಿದೋರಿಗೆ ಗೊತ್ತು, ಅದು ಸುಲಭದ ಕೆಲಸ ಅಲ್ಲ. ನೀರು ಸರಿಯಾಗಿ ಕುದೀದಿದ್ರೂ, ಹಿಟ್ಟು ಸರಿಯಾಗಿ ಬೇಯದಿದ್ರೂ, ಕೋಲು ಒಂದು ಕಡೆ ತಿರುಗಿ ಇನ್ನೊಂದು ಕಡೆ ತಿರುಗದಿದ್ರೂ ಒಳಗೆ ಗಂಟು ಉಳಿದುಬಿಡುತ್ತೆ. ನಾನೂ ಬೀಗರಾಗಬೇಕಾದೋರೂ ಅಡುಗೆಮನೆ ಬಾಗಿಲಲ್ಲಿ ನಿಂತ್ವಿ.

“ಉರಿ ಸಣ್ಣ ಮಾಡಪ್ಪಾ,” ಅಂತ ಅವರು ಪಿಸುಗುಟ್ಟಿದ್ರು.

“ಅಪ್ಪಾ, ಹೇಳ್ಕೊಡಂಗಿಲ್ಲ,” ಅಂದ್ಲು ಮಗಳು, ಪರೀಕ್ಷೆ ಹಾಲಿನಲ್ಲಿ ಹೇಳೋ ಹಂಗೆ.

ಬಾಮೈದ ಪಾತ್ರೆಯನ್ನ ಒಲೆಯಿಂದ ಕೆಳಗಿಳಿಸಿ, ಮಸಿಬಟ್ಟೆ ಸುತ್ತಿ, ಕಾಲಲ್ಲಿ ಒತ್ತಿ ಹಿಡ್ಕೊಂಡು ತಿರುವಿದ. ಬೆವರು ನಮ್ಮಿಬ್ಬರಿಗೆ ಬಂತು. ಕೈಗೆ ನೀರು ಮುಟ್ಟಿಸ್ಕೊಂಡು ಮುದ್ದೆ ಕಟ್ಟಿ ತಟ್ಟೇಲಿಟ್ಟ.  ಹುಡುಗಿ ಬೆರಳಲ್ಲಿ ಮುರಿದು ನೋಡಿದ್ಲು. ಇನ್ನೊಂದು ಕಡೆ ಮುರಿದ್ಲು. ಬೆಳಕಿಗೆ ಹಿಡಿದ್ಲು. ನುಂಗಿದ್ಲು. ನನಗೆ ಅಲ್ಲಿ ಕಾಣ್ತಾ ಇದ್ದದ್ದು ಮುದ್ದೆಯಲ್ಲ, ನನ್ನ ಮುಂದಿನ ಜೀವನ.

“ಗಂಟಿಲ್ಲ,” ಅಂದ್ಲು.

ಬೀಗರು ಟವೆಲಲ್ಲಿ ಕಣ್ಣು ಒರೆಸ್ಕೊಂಡ್ರು. ಹೆಣ್ಣು ನೋಡೋಕೆ ಹೋಗಿ ಗಂಡಿನ ಕೈಯಡುಗೆ ಉಂಡುಬಂದೋರು ಈ ಜಿಲ್ಲೇಲಿ ನಾವೇ ಇರಬೇಕು.

ಬೀಗರೂಟ

ಮದುವೆ ಆಯ್ತು. ಅದರ ಹಿಂದೆ ಬೀಗರೂಟ, ಅಂದ್ರೆ ಎರಡೂ ಕಡೆ ನೆಂಟರು ಸೇರಿ ಬಾಡುಣ್ಣೋ ದಿನ. ಬೆಳಗ್ಗೆ ಎದ್ದು ನನ್ನ ಹೆಂಡ್ತಿ ಗಂಡು ಹೆಣ್ಣನ್ನ ಚಿಕ್ಕರಸಿನಕೆರೆಗೆ ಕರ್ಕೊಂಡು ಹೋಗಿ, ಹರಕೆ ಒಪ್ಪಿಸಿ, ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಂದ್ಲು. ನಾನೂ ಬೀಗರೂ ಪೆಂಡಾಲಲ್ಲಿ ಆಗಲೇ ಜಾಗ ಹಿಡ್ಕೊಂಡು ಕೂತಿದ್ವಿ. ಎದುರಿಗೆ ಗಂಡು ಹೆಣ್ಣನ್ನ ಕೂರಿಸಿದ್ರು.

ಎಲೆಗೆ ಹಿಟ್ಟು ಬಂತು. ಬಾಡಿನ ಸಾರು ಬಂತು. ಕುರಿ ಕರುಳಿನ ಬೋಟಿ ಗೊಜ್ಜು ಬಂತು. ಮೊದಲನೇ ತುಂಡು ಬಾಯಿಗಿಟ್ಟಾಗ ಬೀಗರು ಕಣ್ಣು ಮುಚ್ಚಿದೋರು ತೆಗೆಯಲೇ ಇಲ್ಲ, ನನಗೆ ಒಂದು ಕ್ಷಣ ಗಾಬರಿಯೇ ಆಯ್ತು. ಆಮೇಲೆ ದವಡೆ ಆಡ್ತಾ ಇರೋದು ಕಾಣಿಸಿತು.

ಬಡಿಸೋನು ಬಾಮೈದನ ಎಲೆ ಹತ್ರ ಹೋಗಿ ಸೌಟು ಎತ್ತಿದ. ಹುಡುಗಿ ಎಲೆಗೆ ಕೈ ಅಡ್ಡ ಹಿಡಿದ್ಲು.

“ಇವ್ರಿಗ್ ಬ್ಯಾಡ ಕಣಣ್ಣ.”

“ಯಾಕೆ?” ಅಂದ ಬಾಮೈದ.

“ಬೆಳಗ್ಗೆ ದೇವಸ್ಥಾನದಲ್ಲಿ ನಾನೂ ಹರಸ್ಕೊಂಡೆ. ನಂಗೆ ಗೌರ್ಮೆಂಟ್ ಸ್ಕೂಲಲ್ಲಿ ಕೆಲ್ಸ ಆಗೋವರ್ಗೂ ನೀವು ಬಾಡು ತಿನ್ನಲ್ಲ ಅಂತ.”

ನನ್ನ ಹೆಂಡ್ತಿ ಸಾರಿನ ಬಕೇಟು ಹಿಡ್ಕೊಂಡು ನಿಂತಲ್ಲೇ ನಿಂತ್ಲು. “ಇದೇನವ್ವಾ ಇದು! ಅವನ್ನ ಒಂದ್ ಮಾತು ಕೇಳ್ಬಾರ್ದಾ?”

“ಕೇಳಿದ್ರೆ ಯಾರ್ ಒಪ್ತಾರೆ ಅತ್ತಿಗೆ?”

ನನ್ನ ಹೆಂಡ್ತಿ ಬಕೇಟು ಎತ್ಕೊಂಡು ಮುಂದಿನ ಎಲೆಗೆ ಹೋದ್ಲು.

ಬಾಮೈದ ಬೀಗರ ಕಡೆ ತಿರುಗಿದ. “ಮಾವ, ಆ ಕೆಲ್ಸಕ್ಕೆ ಯಾವಾಗ ಅರ್ಜಿ ಕರೀತಾರಂತೆ?”

“ಯಾರಿಗಪ್ಪಾ ಗೊತ್ತು,” ಅಂದ್ರು ಅವರು, ಬಾಯ್ತುಂಬ ತುಂಬ್ಕೊಂಡು. “ಇನ್ನೂ ಸುದ್ದಿನೇ ಇಲ್ವಲ್ಲ.”

ಅವನು ಅಳೋ ಮುಖ ಮಾಡಿ ನನ್ನ ನೋಡಿದ. ಸರ್ಕಾರಿ ಕೆಲಸದ ಅನುಭವ ಇದ್ದೋನು ಅಲ್ಲಿ ನಾನೊಬ್ಬನೇ, ಧೈರ್ಯ ಹೇಳೋದು ನನ್ನ ಧರ್ಮ.

“ಹೆದರ್ಕೋಬೇಡ ಕಣ್ಲಾ,” ಅಂದೆ. “ಮೊದ್ಲು ಅರ್ಜಿ ಕರೀತಾರೆ. ಆಮೇಲೆ ಪರೀಕ್ಷೆ. ಪರೀಕ್ಷೆ ಆದ್ಮೇಲೆ ಯಾರಾದ್ರೂ ಕೋರ್ಟಿಗೆ ಹೋಗ್ತಾರೆ. ಅದು ಮುಗಿದ್ಮೇಲೆ ಆರ್ಡ್ರು. ಅಲ್ಲೀವರ್ಗೂ ನಿನ್ನ ಪಾಲು ಹಾಳಾಗ್ದಂಗೆ ನಾನೂ ನಿಮ್ಮ ಮಾವನೂ ನೋಡ್ಕೋತೀವಿ.”

ಹಂಗಂದು, ಸೌಟು ಎತ್ತಿ ಹಂಗೇ ನಿಂತಿದ್ದ ಬಡಿಸೋನನ್ನ ಈ ಕಡೆ ಕರೆದೆ.