ಸೇಬಿನ ಬದಲು ಭತ್ತ

ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು. ಅದಕ್ಕೊಂದು ಘನವಾದ ಕಾರಣ ಸಿಕ್ಕಿದ್ದು ಮಾತ್ರ ಎಪ್ಪತ್ತರ ದಶಕದಲ್ಲಿ, ಸಿರುಗುಪ್ಪದಲ್ಲಿ ನಾನು ಸಸ್ಯಶಾಸ್ತ್ರದ ಲೆಕ್ಚರರ್ ಆಗಿದ್ದಾಗ. ಕಾಲೇಜಿನ ಕಿಟಕಿ ತೆರೆದರೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಆದರೆ ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಕ್ಕಳು ಸೇಬು ಕೊಯ್ದು ಚಿತ್ರ ಬರೆಯಬೇಕೆಂದು ವಿಶ್ವವಿದ್ಯಾಲಯದ ಪಠ್ಯಕ್ರಮ ಹೇಳುತ್ತಿತ್ತು. ಸೇಬು! ಬಳ್ಳಾರಿಯಲ್ಲೇ ಅದು ಜ್ವರ ಬಂದ ಸಾಹುಕಾರರಿಗೆ ಮಾತ್ರ ದರ್ಶನ ಕೊಡುತ್ತಿದ್ದ ಹಣ್ಣು. ತರಗತಿಯಲ್ಲಿ ನಾನು ಕಲಿಸಿದ್ದು ಬೋರ್ಡಿನ ಮೇಲಿನ ಸೀಮೆಸುಣ್ಣದ ಸೇಬನ್ನು.

ಪರೀಕ್ಷೆಯ ದಿನ ಬಳ್ಳಾರಿಯಿಂದ ಬಸ್ಸಿನಲ್ಲಿ ಒಂದೇ ಒಂದು ಸೇಬು ಬಂತು. ಮಕ್ಕಳು ಇಪ್ಪತ್ತೆರಡು ಮಂದಿ. ಹಾಜರಿ ಪಟ್ಟಿಯ ಕೊನೆಯ ಹೆಸರು ತೆಕ್ಕಲಕೋಟೆಯ ವೀರಮ್ಮನದು. ಹಣ್ಣು ಅವಳ ತಟ್ಟೆಗೆ ಬರುವಷ್ಟರಲ್ಲಿ ಕಪ್ಪಗೆ, ಮೆತ್ತಗೆ ಆಗಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಇದೇನು ಎಂದು ಕೇಳಿದರು. ಸೇಬನ್ನೇ ಕಾಣದ ಹುಡುಗಿ ಅದನ್ನು ತಿರುಗಿಸಿ ನೋಡಿ, "ಸುಟ್ಟ ಬದನಿಕಾಯಿ ಐತ್ರಿ" ಎಂದಳು.

ಫೇಲ್!

ಭತ್ತದ ತೆನೆಯನ್ನು ಅಂಗೈಯಲ್ಲಿ ಉಜ್ಜಿ ಅದರ ತಳಿ ಹೇಳುವ ಹುಡುಗಿ. ಬಿ.ಎಡ್. ಮಾಡಿ ಟೀಚರ್ ಆಗಬೇಕೆಂದಿದ್ದಳು. ಉಳಿದದ್ದೆಲ್ಲ ಪಾಸಾಗಿ, ಒಂದು ಕರಿ ಮುದ್ದೆಯ ದೆಸೆಯಿಂದ ಡಿಗ್ರಿ ನಿಂತುಹೋಯಿತು. ನನಗೆ ಮೈಯೆಲ್ಲ ಉರಿಯಿತು.

"ಇನ್ನ ಆರು ತಿಂಗಳಿಗೆ ಮತ್ತ ಪರೀಕ್ಷಾ ಐತಲ್ರಿ," ಎಂದಳು ನನ್ನ ಹೆಂಡತಿ ಗಿರಿಜಾ. "ಆ ಹುಡುಗಿಗೆ ಒಂದು ಸೇಬು ತಂದು ತೋರಸ್ರಿ, ಮುಗೀತು."

ಇದು ಹಣ್ಣಿನ ಪ್ರಶ್ನೆಯಲ್ಲ, ತತ್ವದ ಪ್ರಶ್ನೆ ಎಂದು ಅವಳ ಮೇಲೆ ರೇಗಿದೆ. ವೀರಮ್ಮನನ್ನು ಕರೆದು, ಆ ಸೇಬಿನ ತಂಟೆಗೆ ಹೋಗಬೇಡ, ಪಠ್ಯಕ್ರಮವನ್ನೇ ಬದಲಿಸಿ ನಿನ್ನಿಂದ ಭತ್ತದ ಚಿತ್ರ ಬರೆಸುತ್ತೇನೆ, ಅಲ್ಲಿಯವರೆಗೆ ಪರೀಕ್ಷೆಗೆ ಕಟ್ಟಬೇಡ ಎಂದು ಅಪ್ಪಣೆ ಕೊಟ್ಟೆ. ಪಾಪ, ಗುರುಗಳ ಮಾತೆಂದು ನಂಬಿದಳು.

ಬದಲಿಸಬೇಕಾದದ್ದು ಒಂದೇ ಪದ. ಮೊದಲು ವಿಭಾಗದ ಸಭೆ ಆಗಬೇಕಿತ್ತು. ವಿಭಾಗದಲ್ಲಿದ್ದವನು ನಾನೊಬ್ಬನೇ. ಅಧ್ಯಕ್ಷತೆ ವಹಿಸಿದೆ, ಸೂಚಿಸಿದೆ, ಅನುಮೋದಿಸಿದೆ, ನನಗೆ ನಾನೇ ವಂದನೆ ಅರ್ಪಿಸಿದೆ. ಆ ಸಭೆಯಲ್ಲಿ ಪೂರ್ಣ ಒಮ್ಮತವಿತ್ತು. ಆಮೇಲೆ ಎಲ್ಲೂ ಇರಲಿಲ್ಲ!

"ಭತ್ತ ಕಾಣದ ಪಂಡಿತರೇ" ಎಂದು ಶುರುವಾದ ನನ್ನ ಪತ್ರ ವಿಶ್ವವಿದ್ಯಾಲಯದಿಂದ ಹಾಗೆಯೇ ವಾಪಸು ಬಂತು. ಬೈಗುಳಕ್ಕೆ ಅವರ ಆಕ್ಷೇಪವಿರಲಿಲ್ಲ, ಪ್ರಿನ್ಸಿಪಾಲರ ಮೂಲಕ ಬೈದಿಲ್ಲ ಎಂಬುದಷ್ಟೇ ಆಕ್ಷೇಪ. ಪ್ರಿನ್ಸಿಪಾಲರ ಮೂಲಕ ಮತ್ತೆ ಕಳಿಸಿದೆ. ಮೊದಲು ಅಧ್ಯಯನ ಮಂಡಳಿ, ಅಲ್ಲಿ ಪಾಸಾದರೆ ನಿಕಾಯ, ಅಲ್ಲಿಯೂ ಪಾಸಾದರೆ ವಿದ್ಯಾವಿಷಯಕ ಪರಿಷತ್ತು ಎಂದು ತಿಳಿಯಿತು. ಒಂದು ಪದ ಇಷ್ಟು ಮೆಟ್ಟಿಲು ಹತ್ತಬೇಕು!

ಅಧ್ಯಯನ ಮಂಡಳಿ ವರ್ಷಕ್ಕೊಮ್ಮೆ ಸೇರುತ್ತಿತ್ತು. ಮೊದಲ ವರ್ಷ ಕೋರಂ ಇಲ್ಲದೆ, ಚಹಾ ಕುಡಿದು ಎದ್ದರು. ಎರಡನೆಯ ವರ್ಷ ನನ್ನನ್ನೂ ವಿವರಣೆಗೆ ಕರೆದರು. ಕರಾವಳಿಯ ಸದಸ್ಯರು ಭತ್ತವಾದರೆ ತೆಂಗೇಕಿಲ್ಲ ಎಂದರು. ಇನ್ನೊಬ್ಬರು ಸಮತೋಲನಕ್ಕಾಗಿ ಜೋಳ ಸೇರಿಸಿ ಎಂದರು. ಅಧ್ಯಕ್ಷರು ಸೇಬಿನ ಗೌರವಕ್ಕೆ ಕುಂದು ಬಾರದಂತೆ ನೋಡಿಕೊಳ್ಳಬೇಕೆಂದು ಅಪ್ಪಣೆ ಕೊಡಿಸಿದರು. ನಾನು ಮೇಜು ಗುದ್ದಿದೆ. ನೀರಿನ ಲೋಟ ಉರುಳಿ ನನ್ನ ಪ್ರಸ್ತಾವದ ಪ್ರತಿಗಳೆಲ್ಲ ತೊಯ್ದವು. ನನ್ನ ಆವೇಶ ನೋಡಿಯೋ, ರೈಲಿಗೆ ಹೊತ್ತಾದದ್ದಕ್ಕೋ, ಭತ್ತವನ್ನು ಒಪ್ಪಿಬಿಟ್ಟರು. ಆದರೆ ಹೊಸ ನಮೂನೆಯಲ್ಲಿ ಮತ್ತೆ ಹನ್ನೆರಡು ಪ್ರತಿ ಬರೆದು ಕಳಿಸಬೇಕಂತೆ.

ಮನೆಗೆ ಬಂದು, ಕಾರ್ಬನ್ ಕಾಗದ ಇಟ್ಟು, ಅವರ ವಂಶವನ್ನೆಲ್ಲ ನೆನೆಯುತ್ತ ಬರೆಯಲು ಕುಳಿತೆ. ಕಲಂಗಳೋ ಕಲಂಗಳು! ಬದಲಾವಣೆಯ ಉದ್ದೇಶವೇನು, ತಜ್ಞರ ಅಭಿಪ್ರಾಯವೇನು, ಯಾರಿಗೆ ಅನ್ವಯ. ಕೊನೆಕೊನೆಯ ಕಲಂಗಳಿಗೆಲ್ಲ 'ನಿಯಮದಂತೆ' ಎಂದು ಗೀಚತೊಡಗಿದೆ.

"ಒಂದೊಂದ ಓದಿ ಬರೀರಿ," ಎಂದಳು ಗಿರಿಜಾ.

ಓದುವುದಕ್ಕೆ ಇದೇನು ಪುರಾಣವೇ ಎಂದು ಗದರಿದೆ.

ಮುಂದಿನ ಬೇಸಿಗೆಗೆ ಪರಿಷತ್ತಿನ ಮಂಜೂರಾತಿ ಬಂತು. ಸೇಬಿನ ಬದಲು ಭತ್ತ! ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ನನಗೆ ಹಾರ ಹಾಕಿಸಿ, ಆದೇಶವನ್ನು ಗಟ್ಟಿಯಾಗಿ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಅವರು ಕೊನೆಯ ಸಾಲಿಗೆ ಬಂದರು. "ನಿಯಮದಂತೆ, ಇನ್ನು ಮುಂದೆ ಪ್ರವೇಶ ಪಡೆಯುವ ವಿದ್ಯಾರ್ಥಿಗಳಿಗೆ ಮಾತ್ರ ಅನ್ವಯ. ಹಿಂದೆ ಅನುತ್ತೀರ್ಣರಾದವರಿಗೆ ಹಳೆಯ ಪಠ್ಯಕ್ರಮದಲ್ಲಿ ಕೊನೆಯ ಒಂದು ಅವಕಾಶ."

ಯಾರಿಗೆ ಅನ್ವಯ ಎಂಬ ಕಲಂನಲ್ಲಿ 'ಹಿಂದಿನವರಿಗೂ' ಎಂದು ಬರೆದಿದ್ದರೆ ಆಗುತ್ತಿತ್ತು. ಒಂದು ಪದ! ವಿಶ್ವವಿದ್ಯಾಲಯವನ್ನು ಬೈಯಲು ಬಾಯಿ ತೆರೆದೆ. ಆದರೆ ಆ 'ನಿಯಮದಂತೆ' ಎಂಬ ಅಕ್ಷರ ನನ್ನದೇ, ರುಜುವೂ ನನ್ನದೇ. ಮೂರು ವರ್ಷ ಊರೆಲ್ಲ ಹಂಚಿದ ಸಿಟ್ಟು ಒಟ್ಟಿಗೆ ನನ್ನ ಮೇಲೆಯೇ ತಿರುಗಿತು. ವೀರಮ್ಮನ ಜೊತೆಯವರು ಆಗಲೇ ಬಿ.ಎಡ್. ಮುಗಿಸಿ ಪಾಠ ಮಾಡುತ್ತಿದ್ದರು. ಅವಳನ್ನು ಮನೆಯಲ್ಲಿ ಕೂರಿಸಿದ್ದು ಪಂಡಿತರಲ್ಲ, ನಾನು.

ಮರುದಿನ ಅವಳು ಪರೀಕ್ಷೆಯ ಅರ್ಜಿ ಹಿಡಿದು ಬಂದಳು. ನಾನು ತಪ್ಪೊಪ್ಪಿಕೊಂಡೆ. ಒಪ್ಪಿಕೊಳ್ಳುತ್ತಲೇ ಮತ್ತೆ ರಕ್ತ ಕುದಿಯಿತು. ಇದನ್ನು ಇಷ್ಟಕ್ಕೇ ಬಿಡುವುದಿಲ್ಲ, ಕುಲಪತಿಗಳಿಗೇ ಬರೆಯುತ್ತೇನೆ, ನಿಯಮವನ್ನೇ ಬದಲಿಸುತ್ತೇನೆ ಎಂದೆ. ವೀರಮ್ಮ ಅರ್ಜಿಯನ್ನು ನನ್ನ ಕೈಗೆ ಸಿಗದಂತೆ ಎದೆಗವುಚಿಕೊಂಡಳು.

"ಸರ್, ಕೈ ಮುಗೀತೀನ್ರಿ," ಎಂದಳು ಮೆಲ್ಲಗೆ. "ಈ ಸಲ ನೀವು ಏನೂ ಮಾಡಬ್ಯಾಡ್ರಿ."

ನಾನು ಏನೂ ಮಾಡಲಿಲ್ಲ. ಅವಳು ಪಾಸಾದಳು.