ಜಪಾನಿನ ಹಿಮ, ಔಡಲ ಎಣ್ಣೆ, ನನ್ನ ಪ್ರಮೋಷನ್

ನಾನು ಮಾಡಿದ ಕೆಲಸಕ್ಕೆ ಇನ್ನೊಬ್ಬರು ಶಾಲು ಹೊದಿಸಿಕೊಳ್ಳುವುದು ನನ್ನ ಬದುಕಿನಲ್ಲಿ ಹೊಸದೇನಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ನಾನು ಜೋಡಿಸಿದ ರೇಡಿಯೋ ಹಿಡಿದುಕೊಂಡು ಪಕ್ಕದ ಬೆಂಚಿನ ಹುಡುಗ ಪೇಪರಿನವರಿಗೆ ಫೋಟೋ ಕೊಟ್ಟ. ಅಮೆರಿಕಕ್ಕೆ ಬಂದು ರೆಸ್ಟನ್ ಎಂಬ ಊರಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅದೇ ಕಥೆ. ಅಲ್ಲೇ ಎಲಿಕಾಟ್ ಸಿಟಿಯ ಕಡೆ ಕನ್ನಡದವರು ಯಾರ ಮನೆಗೆ ಊಟಕ್ಕೆ ಹೋದರೂ ಒಬ್ಬರಾದರೂ ಆಂಟಿ, "ನಿಮ್ಮನೆಯವ್ರು ಡಾಕ್ಟರಲ್ವಾ, ನೀವು ಸುಮ್ನೆ ಟೈಂ ಪಾಸಿಗೆ ಕೆಲಸಕ್ಕೆ ಹೋಗ್ತೀರೇನೋ" ಅನ್ನುತ್ತಾರೆ. ನಾನು ಪಲ್ಯ ಬಡಿಸಿಕೊಂಡು ಮುಂದಕ್ಕೆ ಹೋಗುತ್ತೇನೆ. ಆದರೆ ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಜಪಾನಿಗೆ ಹೋದಾಗ ಆದದ್ದನ್ನು ಮಾತ್ರ ಇನ್ನೂ ನುಂಗಲು ಆಗಿಲ್ಲ.

ಹಿನ್ನೆಲೆ ಇಷ್ಟೇ. ನಮ್ಮ ಆಫೀಸು ಜಪಾನಿನ ಒಂದು ಕಾರ್ಖಾನೆಗೆ ಗೋದಾಮಿನ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಟ್ಟಿತ್ತು. ಅದರಲ್ಲಿ ಮುಕ್ಕಾಲು ಪಾಲು ನಾನು ಬರೆದದ್ದು. ಅದರ ಮುಂದಿನ ಹಂತಕ್ಕೆ ಒಬ್ಬ ಡೈರೆಕ್ಟರ್ ಬೇಕಾಗಿತ್ತು, ಆ ಕುರ್ಚಿ ನನಗೆ ಬೇಕಾಗಿತ್ತು. ಮುಚ್ಚುಮರೆ ಏನಿಲ್ಲ, ತುಂಬಾ ಬೇಕಾಗಿತ್ತು. ಆ ಕಾರ್ಖಾನೆಯ ಅಧ್ಯಕ್ಷರು ವರ್ಷಕ್ಕೊಮ್ಮೆ ತಮ್ಮವರನ್ನೆಲ್ಲ ಸ್ಕೀ ಆಡಲು ಗುಡ್ಡಕ್ಕೆ ಕರೆದುಕೊಂಡು ಹೋಗುವ ರೂಢಿ. ಆ ಸಲ ನಮ್ಮನ್ನೂ ಮನೆಯವರ ಸಮೇತ ಕರೆದಿದ್ದರು. "ಹೋಗಿ ಬಾ, ನಾನೂ ಬರ್ತೀನಿ. ಅವರಿಗೆ ಹಿಡಿಸಿದವರಿಗೇ ಕೆಲಸ," ಎಂದ ನಮ್ಮ ಬಾಸ್.

ಗುಡ್ಡ ಇಳಿಯುವ ವಿದ್ಯೆ

ಹಿಡಿಸಬೇಕಾದರೆ ಸ್ಕೀ ಬರಬೇಕಲ್ಲ. ಶನಿವಾರ ಶನಿವಾರ ಪೆನ್ಸಿಲ್ವೇನಿಯಾದ ಒಂದು ಗುಡ್ಡಕ್ಕೆ ಡ್ರೈವ್ ಮಾಡಿಕೊಂಡು ಹೋಗಿ ಕಲಿತೆ. ಕ್ಲಾಸಿನಲ್ಲಿ ಇದ್ದವರೆಲ್ಲ ನನ್ನ ಸೊಂಟದೆತ್ತರದ ಮಕ್ಕಳು. ಹೇಳಿಕೊಡುವ ಹುಡುಗಿ ಮೊದಲ ದಿನ ನನ್ನನ್ನು ನೋಡಿ, ಮಗುವನ್ನು ಬಿಟ್ಟು ಒಳಗೆ ಕೂತಿರಿ, ಮುಗಿದ ಮೇಲೆ ಕರೆಯುತ್ತೇನೆ ಎಂದಳು. ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂರಲಾಗದೆ ನಿಂತುಕೊಂಡೇ ಪ್ರೋಗ್ರಾಂ ಬರೆದೆ. ಚಳಿಗಾಲ ನಡುವಿಗೆ ಬರುವ ಹೊತ್ತಿಗೆ ಸುಮಾರಾಗಿ ಬಂತು.

ನನ್ನ ಗಂಡ ಧಾರವಾಡದ ಕಡೆಯವರು, ಕಣ್ಣಿನ ಡಾಕ್ಟರು. ಅಷ್ಟೂ ಶನಿವಾರ ಕೆಳಗಿನ ಕ್ಯಾಂಟೀನಿನಲ್ಲಿ ಬೆಂಕಿಯ ಮುಂದೆ ಕಾಲು ಚಾಚಿಕೊಂಡು ಕೂತಿದ್ದರು. ನೀವೂ ಸ್ವಲ್ಪ ಕಲೀರಿ ಎಂದರೆ, "ಗುಡ್ಡಾ ಇಳಿಯೂದನ್ನ ಏನ್ ಕಲಿಯೂದು? ಕಾಲು ಜಾರಿದ್ರ ತಾನ ಇಳಿತೀವಿ" ಎಂದರು.

ಎರಡೂ ಕೈಯಲ್ಲಿ ಕಾರ್ಡು

ನಾವು ಹೋದ ಊರು ಅಂಥ ಹೆಸರುವಾಸಿಯಾದದ್ದಲ್ಲ. ಒಂದು ಗುಡ್ಡ, ಮೇಲಕ್ಕೆ ಕುರ್ಚಿಯಲ್ಲಿ ಎತ್ತಿಕೊಂಡು ಹೋಗುವ ಕೆಲವು ಲಿಫ್ಟುಗಳು, ಒಂದು ದೊಡ್ಡ ಹೋಟೆಲು, ಕಂಬ ಕಂಬಕ್ಕೂ ಕಟ್ಟಿದ ಸ್ಪೀಕರುಗಳಲ್ಲಿ ಬೆಳಗಿನಿಂದ ಸಿನಿಮಾ ಹಾಡು. ಹಿಮ ಮಾತ್ರ ನಮ್ಮ ಪೆನ್ಸಿಲ್ವೇನಿಯಾದ ಹಾಗೆ ಮಂಜುಗಡ್ಡೆ ಅಲ್ಲ. ಅಕ್ಕಿ ಹಿಟ್ಟಿನಷ್ಟು ಮೆತ್ತಗೆ. ಬಿದ್ದರೂ ನೋಯುವುದಿಲ್ಲ. ಇಷ್ಟು ದಿನ ಸುಮ್ಮನೆ ಸೊಂಟ ಮುರಿದುಕೊಂಡೆನಲ್ಲ ಎಂದು ಹೊಟ್ಟೆ ಉರಿಯಿತು.

ಹೋಟೆಲಿನ ಬಾಗಿಲಲ್ಲೇ ಅಧ್ಯಕ್ಷರು, ಅವರ ಹಿಂದೆ ವಯಸ್ಸಿನ ಪ್ರಕಾರ ಮಿಕ್ಕವರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೂ ಬಗ್ಗಿ, ಎರಡೂ ಕೈಯಲ್ಲಿ ತಮ್ಮ ವಿಸಿಟಿಂಗ್ ಕಾರ್ಡನ್ನು ಕೊಟ್ಟರು. ನನ್ನ ಗಂಡನಿಗೆ. ನಾನು ಪಕ್ಕದಲ್ಲಿ ನನ್ನ ಕಾರ್ಡು ಹಿಡಿದುಕೊಂಡು ಬಸ್ಸಿಗೆ ಕೈ ತೋರಿಸುವವಳ ಹಾಗೆ ನಿಂತಿದ್ದೆ. ಇವರಾದರೂ ನಾನಲ್ಲ, ಇವಳು ಅನ್ನಬಾರದೇ? ಮದುವೆ ಮನೆಯಲ್ಲಿ ಮುಯ್ಯಿ ತೆಗೆದುಕೊಳ್ಳುವ ಹಾಗೆ ಎಲ್ಲ ಕಾರ್ಡುಗಳನ್ನೂ ತೆಗೆದುಕೊಂಡು, ತಮ್ಮ ಜೇಬಿನಿಂದ ತಮ್ಮ ಕ್ಲಿನಿಕ್ಕಿನ ಕಾರ್ಡು ಕೊಟ್ಟರು. ಅದರ ಮೇಲೆ ದೊಡ್ಡ ಕಣ್ಣಿನ ಚಿತ್ರ. ಅವರೆಲ್ಲ ಅದನ್ನು ಬಹಳ ಹೊತ್ತು ನೋಡಿ ತಲೆದೂಗಿದರು.

ನಮ್ಮ ಬಾಸ್ ಮುಂದೆ ಬಂದು, ಸಾಫ್ಟ್‌ವೇರ್ ಬರೆದವಳು ಇವಳು ಎಂದು ನನ್ನ ಕಡೆ ಕೈ ತೋರಿಸಿದ. ದುಭಾಷಿ ಅದನ್ನು ಜಪಾನಿ ಭಾಷೆಗೆ ತಿರುಗಿಸಿದ. ಅಧ್ಯಕ್ಷರು ನನ್ನ ಕಡೆ ನೋಡಿ ಪ್ರೀತಿಯಿಂದ ನಕ್ಕು ಏನೋ ಹೇಳಿದರು. "ಗಂಡನಿಗೆ ಟೈಪ್ ಮಾಡಿಕೊಡುವ ಹೆಂಡತಿ ಸಿಗುವುದು ಪುಣ್ಯ ಅನ್ನುತ್ತಿದ್ದಾರೆ" ಎಂದ ದುಭಾಷಿ.

ಮೀಟಿಂಗು

ಮರುದಿನ ಬೆಳಿಗ್ಗೆ ಮೀಟಿಂಗು. ಬಾಗಿಲಿನವರೆಗೂ ಹೋದೆ. ಕಿಮೋನೋ ತೊಟ್ಟ ಒಬ್ಬ ಹೆಂಗಸು ಬಂದು ನನ್ನ ಕೈ ಹಿಡಿದು, ಹೆಂಡತಿಯರ ಕಾರ್ಯಕ್ರಮ ಆ ಕಡೆ ಎಂದು ಕರೆದುಕೊಂಡು ಹೊರಟಳು. ನಾನು ಬಾಸ್ ಕಡೆ ನೋಡಿದೆ. ಅವನು ಕಿವಿಯ ಹತ್ತಿರ ಬಂದು, "ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೋ. ಎಲ್ಲರ ಮುಂದೆ ಅವರಿಗೆ ತಪ್ಪು ತೋರಿಸಿದರೆ ಮುಜುಗರ ಆಗುತ್ತೆ. ನಿನ್ನ ಗಂಡ ಸುಮ್ಮನೆ ಕೂತಿರಲಿ, ನಾನೇ ಮಾತಾಡ್ತೀನಿ" ಎಂದ.

ಅವರಿಗೆ ಮುಜುಗರ ಆಗಬಾರದು. ಸರಿ. ನಾನು ಮಧ್ಯಾಹ್ನದವರೆಗೂ ಉಳಿದ ಹೆಂಡತಿಯರ ಜೊತೆ ಕಾಗದ ಮಡಚಿ ಕೊಕ್ಕರೆ ಮಾಡಿದೆ. ನನ್ನ ಕೊಕ್ಕರೆ ಬಾತುಕೋಳಿಯ ಹಾಗಿತ್ತು. ಪಕ್ಕದ ಗೋಡೆಯ ಆಚೆ ನನ್ನ ಪ್ರೋಗ್ರಾಮಿನ ಬಗ್ಗೆ ಚರ್ಚೆ ನಡೆಯುತ್ತಿತ್ತು, ಕೇಳಿದ್ದರೆ ನಿದ್ದೆಗಣ್ಣಲ್ಲೂ ಉತ್ತರ ಹೇಳುತ್ತಿದ್ದೆ. ಅಳು ಬಂತು, ಆದರೆ ಕೊಕ್ಕರೆ ಒದ್ದೆಯಾಗುತ್ತದೆ ಎಂದು ತಡೆದುಕೊಂಡೆ.

ಊಟಕ್ಕೆ ಹೊರಗೆ ಬಂದ ಗಂಡನನ್ನು ಹಿಡಿದು ಕೇಳಿದೆ. "ಏನ್ ಮಾತಾಡಿದ್ರು ರೀ?"

"ಯಾರಿಗ್ಗೊತ್ತ. ಎಲ್ಲಾರೂ ನನ್ನ ಮಾರಿ ನೋಡಿದ್ರು. ನಾ ಹೂಂ ಅಂದೆ, ಬರಕೊಂಡ್ರು."

ಭಾರತೀಯರಿಗೆಂದೇ ವಿಶೇಷ

ನಾವು ಭಾರತದವರೆಂದು ಹೋಟೆಲಿನವರು ಹುರುಪಿನಿಂದ ಕರಿ ಮಾಡಿಸಿದ್ದರು. ಜಪಾನಿನ ಸ್ಕೀ ಗುಡ್ಡಗಳಲ್ಲಿ ಕರಿ ಮತ್ತು ಅನ್ನ ಎಲ್ಲರೂ ತಿನ್ನುವ ಊಟವಂತೆ. ಅದರಲ್ಲಿ ಸ್ಪಷ್ಟವಾಗಿ ದನದ ಮಾಂಸ ತೇಲುತ್ತಿತ್ತು. ಬೇಡವೆಂದಾಗ ಪಾಪ ಅಡುಗೆಯವರು ಓಡಿಹೋಗಿ ತರಕಾರಿ ಸಾರು ತಂದರು. ಅದು ಮೀನಿನ ನೀರಿನಲ್ಲಿ ಬೆಂದಿತ್ತು. ನಾನು ಬರೀ ಅನ್ನ ಮುಂದಿಟ್ಟುಕೊಂಡು ಎಲ್ಲರಿಗೂ ನಗುಮುಖ ತೋರಿಸುತ್ತ ಕೂತೆ. ಅಧ್ಯಕ್ಷರ ಹತ್ತಿರ ಕೂತು ಎರಡು ಮಾತಾಡುವ ಅವಕಾಶ ಸಿಕ್ಕೀತೆಂದು ಕಾದೆ. ಅವರ ಪಕ್ಕದ ಜಾಗ ಯಾರಿಗೆ ಇಟ್ಟಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ.

ಇವರು ಕೋಟಿನ ಜೇಬಿಗೆ ಕೈ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದ ಶೇಂಗಾ ಚಟ್ನಿಪುಡಿ ತೆಗೆದರು. ನಾನು ಕುಟ್ಟಿದ್ದು. ತಾವು ಅನ್ನಕ್ಕೆ ಹಾಕಿಕೊಂಡು, ಕೇಳದೆ ಮಾಡದೆ ಅಧ್ಯಕ್ಷರ ಅನ್ನದ ಮೇಲೂ ಒಂದು ಹಿಡಿ ಹಾಕಿದರು. ನಮ್ಮ ಬಾಸ್ ಬಿಳುಚಿಕೊಂಡ. ಅಧ್ಯಕ್ಷರು ಒಂದು ತುತ್ತು ತಿಂದರು, ಕಣ್ಣಲ್ಲಿ ನೀರು ಬಂತು, ಇನ್ನೊಂದು ತುತ್ತು ತಿಂದರು. ಆಮೇಲೆ ಬಟ್ಟಲು ಮುಂದೆ ಚಾಚಿದರು. ಕೈ ಗುಣ ಬಹಳ ಚೆನ್ನಾಗಿದೆ ಎಂದು ದುಭಾಷಿ ನನ್ನ ಗಂಡನಿಗೆ ತಿಳಿಸಿದ.

ಮುಂದೆ ಹೋದವಳು

ನನಗೆ ಉಳಿದದ್ದು ಗುಡ್ಡ ಒಂದೇ. ಅಲ್ಲಾದರೂ ನಾನು ಏನೆಂದು ತೋರಿಸೋಣ ಎಂದು ಬೂಟು ಬಿಗಿದೆ. ಇವರೊಬ್ಬರನ್ನು ಬಿಟ್ಟು ಮೇಲಿನಿಂದ ಎಲ್ಲರೂ ಒಟ್ಟಿಗೆ ಹೊರಟೆವು. ಎಲ್ಲರಿಗಿಂತ ಮುಂದೆ ಅಧ್ಯಕ್ಷರು, ಬಹಳ ನಿಧಾನವಾಗಿ. ಹಿಂದೆ ಅವರ ಆಫೀಸಿನವರು. ಅವರಲ್ಲಿ ಒಬ್ಬ ಕಾಲೇಜಿನಲ್ಲಿ ಚಾಂಪಿಯನ್ ಆಗಿದ್ದನಂತೆ. ಅವನೂ ಕಾಲು ಅಗಲಿಸಿಕೊಂಡು, ಬ್ರೇಕು ಹಿಡಿದುಕೊಂಡು, ಹೊಸಬನ ಹಾಗೆ ತಡವರಿಸುತ್ತ ಬರುತ್ತಿದ್ದ. ಪಾಪ, ಇವರಿಗೆ ಅಷ್ಟಾಗಿ ಬರುವುದಿಲ್ಲ ಎಂದುಕೊಂಡು ನಾನು ಪಕ್ಕದಿಂದ ಸುಯ್ ಎಂದು ಇಳಿದುಬಿಟ್ಟೆ. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಇಳಿದಿಲ್ಲ.

ಕೆಳಗೆ ನಿಂತು ತಿರುಗಿ ನೋಡಿದರೆ ಸಾಲು ನಿಂತುಹೋಗಿತ್ತು. ನಾನು ದಾಟಿದ ರಭಸಕ್ಕೆ ಬೆಚ್ಚಿದ ಅಧ್ಯಕ್ಷರು ತಪ್ಪಿ ಬಿದ್ದು ಮೊಣಕಾಲು ಹಿಡಿದುಕೊಂಡು ಕೂತಿದ್ದರು. ಅವರು ಬಿದ್ದರೆಂದು ಹಿಂದಿನವರೂ ಒಬ್ಬರಾದ ಮೇಲೊಬ್ಬರು ಮರ್ಯಾದೆಗೆ ಬಿದ್ದರು. ಕೊನೆಗೆ ಚಾಂಪಿಯನ್ನೂ ಸುತ್ತಮುತ್ತ ನೋಡಿ, ಮೆಲ್ಲಗೆ ಕೋಲು ಪಕ್ಕಕ್ಕಿಟ್ಟು, ಬಿದ್ದ.

ಎಣ್ಣೆ ನೀರು

ಆ ಹೋಟೆಲಿನಲ್ಲಿ ಬಿಸಿನೀರಿನ ಬುಗ್ಗೆಯಿಂದ ತುಂಬಿಸಿದ ದೊಡ್ಡ ಸ್ನಾನದ ತೊಟ್ಟಿ ಇತ್ತು. ಗಂಡಸರಿಗೊಂದು, ಹೆಂಗಸರಿಗೊಂದು. ಮೊದಲು ಹೊರಗೆ ಕೂತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡು, ಆಮೇಲೆ ಬರೀ ನೆನೆಯುವುದಕ್ಕೆ ತೊಟ್ಟಿಗೆ ಇಳಿಯಬೇಕು. ಅದೇ ನೀರಿಗೆ ಎಲ್ಲರೂ ಇಳಿಯುವುದರಿಂದ ಅದನ್ನು ಕನ್ನಡಿಯ ಹಾಗೆ ಇಟ್ಟಿರುತ್ತಾರೆ.

ಸಂಜೆ ನಾನು ಲಾಬಿಯಲ್ಲಿ ಕೂತು ಅಧ್ಯಕ್ಷರಿಗೆ ಹೇಗೆ ಕ್ಷಮೆ ಕೇಳುವುದೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ಅಷ್ಟರಲ್ಲಿ ಗಂಡಸರ ಸ್ನಾನದ ಮನೆಯಿಂದ ಇವರು ಮತ್ತು ಅಧ್ಯಕ್ಷರು ಹೆಗಲ ಮೇಲೆ ಕೈ ಹಾಕಿಕೊಂಡು ಹೊರಗೆ ಬಂದರು. ಇಬ್ಬರೂ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತಿದ್ದರು.

"ಏನ್ರೀ ಮಾಡಿದ್ರಿ?" ಎಂದೆ.

"ಮುದುಕಗ ಮೊಣಕಾಲ ನೋವಾಗಿತ್ತ, ಪಾಪ. ಔಡಲ ಎಣ್ಣಿ ಇತ್ತಲ್ಲ ಬ್ಯಾಗಿನ್ಯಾಗ? ತಲಿಗೆ, ಮೈಗೆ, ಕಾಲಿಗೆ ಎಲ್ಲಾ ತಿಕ್ಕಿದೆ. ನಾನೂ ಹಚ್ಚಿಕೊಂಡೆ."

"ತೊಳ್ಕೊಂಡು ತಾನೇ ತೊಟ್ಟಿಗೆ ಇಳಿದಿದ್ದು?"

"ಹುಚ್ಚಿ ಇದ್ದಿ ಏನು? ಎಣ್ಣಿ ಹಚ್ಚಿದ ಮ್ಯಾಲೆ ಮೊದಲ ಬಿಸಿನೀರಾಗ ನೆನೀಬೇಕು. ಆಮ್ಯಾಲೆ ತೊಳಕೊಳ್ಳೂದು. ಇಲ್ಲಂದ್ರ ಎಣ್ಣಿ ಒಳಗ ಹೆಂಗ ಇಳೀತದ?"

ಇಡೀ ತೊಟ್ಟಿಯ ಮೇಲೆ ಅಂಗೈ ದಪ್ಪ ಹರಳೆಣ್ಣೆ ನಿಂತಿತ್ತೆಂದು ಬಾಸ್ ಆಮೇಲೆ ಹೇಳಿದ. ಅವನೂ ಗೊತ್ತಿಲ್ಲದೆ ಇಳಿದು, ಜಾರಿ, ಹೊರಗೆ ಬರಲಾಗದೆ ಒದ್ದಾಡಿದ್ದನಂತೆ. ಆದರೆ ಎಣ್ಣೆ ಸ್ವತಃ ಅಧ್ಯಕ್ಷರ ಮೈಯದ್ದು. ಬಾಯಿ ಬಿಡುವವರು ಯಾರು? ಹೋಟೆಲಿನ ಮ್ಯಾನೇಜರು ಒಬ್ಬೊಬ್ಬ ಅತಿಥಿಯ ಮುಂದೂ ಬಗ್ಗಿ, ನಮ್ಮ ಬಾಯ್ಲರು ಸೋರಿ ತಮಗೆ ತೊಂದರೆಯಾಯಿತು ಎಂದು ಕ್ಷಮೆ ಕೇಳಿದರು. ಇವರ ಮುಂದೂ ಬಗ್ಗಿದರು. ಇವರು ದೊಡ್ಡ ಮನಸ್ಸು ಮಾಡಿ, ಪರವಾಗಿಲ್ಲ, ಬೇಗ ರಿಪೇರಿ ಮಾಡಿಸಿ ಎಂದರು.

ಡೈರೆಕ್ಟರ್

ರೆಸ್ಟನ್ನಿಗೆ ವಾಪಸ್ ಬಂದ ಕೆಲವು ದಿನಗಳಿಗೆ ಬಾಸ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ. ಮೊಣಕಾಲು ಮುರಿಸಿದವಳಿಗೆ ಯಾರು ಕೆಲಸ ಕೊಡುತ್ತಾರೆ, ಇಲ್ಲ ಎಂದೇ ಹೇಳುತ್ತಾನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಕೂತೆ.

"ಒಳ್ಳೆ ಸುದ್ದಿ," ಎಂದ. "ಮುಂದಿನ ಹಂತ ನಮಗೇ ಕೊಟ್ಟಿದ್ದಾರೆ. ಡೈರೆಕ್ಟರ್ ಯಾರಾಗಬೇಕು ಅಂತಲೂ ಅವರೇ ಹೇಳಿದ್ದಾರೆ."

ಒಂದು ಗಳಿಗೆ, ಒಂದೇ ಗಳಿಗೆ, ನನ್ನ ಎದೆ ಹಿಗ್ಗಿತು.

"ಹೆಚ್ಚು ಮಾತಾಡದ, ದೊಡ್ಡವರನ್ನು ಕಂಡರೆ ಅಕ್ಕರೆ ಇರುವ ಆ ಇಂಜಿನಿಯರನ್ನೇ ಕೊಡಿ ಅಂತ ಕೇಳಿದ್ದಾರೆ. ಅಂದರೆ ನಿನ್ನ ಗಂಡ."

ನಾನು ನಕ್ಕೆ. ಅವನು ನಗಲಿಲ್ಲ. ಅವರು ಕಣ್ಣಿನ ಡಾಕ್ಟರು ಎಂದು ಜಪಾನಿನವರಿಗೆ ತಿಳಿಸಿದೆಯಾ ಎಂದು ಕೇಳಿದೆ. ಈಗ ಹೇಳಿದರೆ ಇಷ್ಟು ದಿನ ತಪ್ಪು ತಿಳಿದುಕೊಂಡೆವಲ್ಲ ಎಂದು ಅಧ್ಯಕ್ಷರ ಮುಖ ಸಣ್ಣದಾಗುತ್ತದೆ, ಬೇಡ ಎಂದ. "ಕೆಲಸ ಎಲ್ಲ ನೀನೇ ಮಾಡು, ಈಗಿನ ಹಾಗೇ. ಅವರು ಆಗಾಗ ಹೋಗಿ ಕೂತು ಬಂದರೆ ಸಾಕು. ಮನೇಲಿ ಒಂದು ಮಾತು ಕೇಳಿ ಹೇಳು."

ಇಷ್ಟು ವರ್ಷ ದುಡಿದು, ಸೊಂಟ ಮುರಿದುಕೊಂಡು, ಕಾಗದದ ಕೊಕ್ಕರೆ ಮಡಚಿ, ಕೊನೆಗೆ ನನ್ನ ಕುರ್ಚಿಯ ಬಗ್ಗೆ ನಾನೇ ಮನೆಯಲ್ಲಿ ಅಪ್ಪಣೆ ಕೇಳಬೇಕು. ಕಾರಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಎಲ್ಲವನ್ನೂ ಹೇಳಿದೆ, ನಾಳೆಯೇ ರಾಜೀನಾಮೆ ಕೊಡುತ್ತೇನೆ ಎಂದೂ ಹೇಳಿದೆ. ಇವರು ಪೂರ್ತಿ ಕೇಳಿದರು. ಪೇಪರು ಕೆಳಗಿಟ್ಟರು. ಎದ್ದು ಬಂದು ನನ್ನ ತಲೆ ಸವರಿದರು. ನಿಜವಾದ ಸಂಕಟ ಇತ್ತು ಮುಖದಲ್ಲಿ, ಸುಳ್ಳು ಹೇಳಲಾರೆ.

"ಅಳಬ್ಯಾಡ," ಎಂದರು. "ಹೊರಗಿನವರ ಪಾಲಂತೂ ಆಗಲಿಲ್ಲ. ಕೆಲಸ ಮನ್ಯಾಗ ಉಳೀತಲ್ಲ, ಅದಕ್ಕ ಖುಷಿ ಪಡು."